ಮುಂಬೈ ಟ್ರಾಲಿಬಸ್: ಒಂಬತ್ತೇ ವರ್ಷ ಓಡಿದ ತಂತಿ ಬಸ್ಸು

ಮುಂಬೈ: ಮಹಾನಗರದ ರಸ್ತೆಗಳಲ್ಲಿ ಈಗ ಎಲೆಕ್ಟ್ರಿಕ್ ಬಸ್‌ಗಳ ಓಡಾಟ ಸಾಮಾನ್ಯ. ಆದರೆ ಮುಂಬೈಗೆ ವಿದ್ಯುತ್ ಬಸ್ ಹೊಸದೇನಲ್ಲ. 1962ರಲ್ಲೇ ದಕ್ಷಿಣ ಮುಂಬೈನಲ್ಲಿ ಕರೆಂಟ್‌ನಿಂದ ಓಡುವ ಟ್ರಾಲಿಬಸ್ ಬಂದಿತ್ತು. ಒಂಬತ್ತು ವರ್ಷ ತುಂಬುವ ಮೊದಲೇ ಅದು ನಿಂತುಹೋಯಿತು.

ಆರಂಭ ಹೇಗೆ?
ಮುಂಬೈನಲ್ಲಿ 1874ರಲ್ಲಿ ಕುದುರೆ ಎಳೆಯುವ ಟ್ರಾಮ್, 1907ರಲ್ಲಿ ವಿದ್ಯುತ್ ಟ್ರಾಮ್, 1926ರ ಜುಲೈ 15ರಂದು ಮೋಟಾರು ಬಸ್ ಆರಂಭವಾದವು. ವಿದ್ಯುತ್ ಪೂರೈಕೆ ಮತ್ತು ಬಸ್ ಸಾರಿಗೆ, ಎರಡನ್ನೂ ನೋಡಿಕೊಳ್ಳುವ ಸಂಸ್ಥೆ 'ಬೆಸ್ಟ್'. 1960ರ ದಶಕದ ಆರಂಭಕ್ಕೆ ಟ್ರಾಮ್‌ಗಳ ಕಾಲ ಮುಗಿಯುತ್ತ ಬಂದಿತ್ತು. ಆ ಹೊತ್ತಿನಲ್ಲಿ, 1962ರ ಜೂನ್ 11ರಂದು, ಗೋವಾಲಿಯಾ ಟ್ಯಾಂಕ್ ಮತ್ತು ಮಝಗಾಂವ್ ಡಾಕ್ ನಡುವೆ ಟ್ರಾಲಿಬಸ್ ಸಂಚಾರ ಶುರುವಾಯಿತು. ಇದ್ದ ಬಸ್‌ಗಳು 12 ಮಾತ್ರ. 1942ರ 'ಕ್ವಿಟ್ ಇಂಡಿಯಾ' ಕರೆ ಮೊಳಗಿದ ಮೈದಾನ ಇರುವುದು ಇದೇ ಗೋವಾಲಿಯಾ ಟ್ಯಾಂಕ್‌ನಲ್ಲಿ. ಇನ್ನೊಂದು ತುದಿಯ ಮಝಗಾಂವ್ ಹಡಗು ಕಟ್ಟುವ ಕಾರ್ಮಿಕರ ಪ್ರದೇಶ.

ಓಡುತ್ತಿದ್ದುದು ಹೇಗೆ?
ನೋಡಲು ಮಾಮೂಲಿ ಬಸ್ಸು, ರಬ್ಬರ್ ಟೈರು. ಡೀಸೆಲ್ ಎಂಜಿನ್ ಬದಲು ವಿದ್ಯುತ್ ಮೋಟಾರು. ಚಾವಣಿಯ ಮೇಲಿನ ಎರಡು ಉದ್ದನೆಯ ಕೋಲುಗಳು ರಸ್ತೆಯ ಮೇಲೆ ಎಳೆದ ಎರಡು ತಂತಿಗಳಿಂದ ವಿದ್ಯುತ್ ಪಡೆಯುತ್ತವೆ. ಟ್ರಾಮ್‌ಗೆ ಮೇಲೆ ಒಂದೇ ತಂತಿ ಸಾಕು, ವಿದ್ಯುತ್ ಹಳಿಯ ಮೂಲಕ ಮರಳುತ್ತದೆ. ಟ್ರಾಲಿಬಸ್‌ಗೆ ಹಳಿಯೇ ಇಲ್ಲದ ಕಾರಣ ಎರಡನೇ ತಂತಿ ಬೇಕು. ಹೊಗೆಯಿಲ್ಲ, ಎಂಜಿನ್ ಸದ್ದಿಲ್ಲ, ಹಳಿ ಹಾಕುವ ಖರ್ಚೂ ಇಲ್ಲ.

ನಿಂತಿದ್ದೇಕೆ?
1964ರ ಮಾರ್ಚ್ 31ರಂದು ಬೋರಿ ಬಂದರ್‌ನಿಂದ ದಾದರ್‌ಗೆ ಕೊನೆಯ ಟ್ರಾಮ್ ಓಡಿತು. ಆ ಬಳಿಕ ನಗರದ ರಸ್ತೆಯಲ್ಲಿ ಉಳಿದ ವಿದ್ಯುತ್ ಸಾರಿಗೆ ಟ್ರಾಲಿಬಸ್ ಒಂದೇ. ಆದರೆ ಬಿಡಿಭಾಗಗಳು ವಿಪರೀತ ಸವೆಯುತ್ತಿದ್ದವು ಎಂಬ ಕಾರಣಕ್ಕೆ 1971ರ ಮಾರ್ಚ್ 24ರಂದು ಸೇವೆಯನ್ನು ಕೈಬಿಡಲಾಯಿತು. ಇಂಥ ಬಸ್ಸಿಗೆ ಇನ್ನೊಂದು ಹುಟ್ಟು ಮಿತಿಯೂ ಇತ್ತು. ಡೀಸೆಲ್ ಬಸ್ಸನ್ನು ಇವತ್ತು ಈ ಮಾರ್ಗಕ್ಕೆ, ನಾಳೆ ಆ ಮಾರ್ಗಕ್ಕೆ ಕಳಿಸಬಹುದು. ಟ್ರಾಲಿಬಸ್ ಮಾತ್ರ ತಂತಿ ಇದ್ದಲ್ಲಿಗಷ್ಟೇ ಹೋಗಬಲ್ಲದು. ಹನ್ನೆರಡೇ ಬಸ್ಸಿಗಾಗಿ ತಂತಿ, ಕಂಬ, ದುರಸ್ತಿ ವ್ಯವಸ್ಥೆಯನ್ನೆಲ್ಲ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕಿತ್ತು.

ಮತ್ತೆ ಬಂದ ವಿದ್ಯುತ್
ಬೆಸ್ಟ್ ಮತ್ತೆ ವಿದ್ಯುತ್ ಬಸ್ ಇಳಿಸಿದ್ದು 2017ರಲ್ಲಿ, ಅಂದರೆ 46 ವರ್ಷಗಳ ನಂತರ. 2023ರ ಫೆಬ್ರವರಿಯಲ್ಲಿ ಎ.ಸಿ. ಡಬಲ್ ಡೆಕರ್ ವಿದ್ಯುತ್ ಬಸ್ ಕೂಡ ರಸ್ತೆಗಿಳಿಯಿತು. ಈಗ ವಿದ್ಯುತ್ ಬರುವುದು ಬ್ಯಾಟರಿಯಿಂದ, ತಂತಿಯ ಹಂಗಿಲ್ಲ. ಚಾರ್ಜಿಂಗ್ ಮತ್ತು ಬ್ಯಾಟರಿಯ ಬಾಳಿಕೆ ಈಗಿನ ಪ್ರಶ್ನೆ. ಬಸ್ ಕೊಂಡರಷ್ಟೇ ಸಾಲದು, ಅದನ್ನು ದಿನವೂ ಓಡಿಸುವ ವ್ಯವಸ್ಥೆ ಗಟ್ಟಿಯಾಗಿರಬೇಕು ಎಂಬುದು ಗೋವಾಲಿಯಾ ಟ್ಯಾಂಕ್ ಟ್ರಾಲಿಬಸ್ ಕಲಿಸಿದ ಪಾಠ.