ಕಾಗಿಣಾ ತೀರದ ನೀರು, ಶಿಲೆ ಮತ್ತು ಅಡವಿ

ಮಳಖೇಡವೇ ರಾಷ್ಟ್ರಕೂಟ ಚಕ್ರವರ್ತಿಗಳ ಮಾನ್ಯಖೇಟವೆಂಬುದೂ, ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಘಟಿಕಾಸ್ಥಾನವಿದ್ದು, ಅಲ್ಲಿ ಗ್ರಂಥಗಳನ್ನು ಕಾಯುವುದಕ್ಕಾಗಿಯೇ ಸರಸ್ವತೀಭಂಡಾರಿಗರು ನೇಮಕವಾಗಿದ್ದರೆಂದು 1058ರ ಶಾಸನವು ಸಾರುವುದೂ ಭಕ್ತಮಹಾಶಯರಿಗೆ ವಿದಿತವೇ ಆಗಿದೆ. ಆದರೆ ಆ ರಾಜಧಾನಿಗೂ ಆ ವಿದ್ಯಾಪೀಠಕ್ಕೂ ಆಧಾರವಾಗಿದ್ದ ನೀರು, ಶಿಲೆ, ಅಡವಿಗಳ ಚರಿತ್ರೆಯನ್ನು ನಾವು ವಿಚಾರಿಸುವುದು ವಿರಳ. ಅದನ್ನು ಸಂಕ್ಷೇಪವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಮೊದಲು ನೀರು. ಕನ್ನಡನಾಡಿನ ಪ್ರಾಚೀನ ಶಾಸನಗಳಲ್ಲಿ 'ಬಿತ್ತುವಟ್ಟ'ವೆಂಬ ಶಬ್ದವು ಮೇಲಿಂದ ಮೇಲೆ ಕಾಣಬರುವುದು. ಕೆರೆಯ ನೀರುಂಡು ಬೆಳೆದ ಪೈರಿನಲ್ಲಿ ಒಂದು ಪಾಲನ್ನು ಆ ಕೆರೆಯ ಜೀರ್ಣೋದ್ಧಾರಕ್ಕೇ ಮೀಸಲಿಡುವುದು ಇದರ ತಾತ್ಪರ್ಯ. ಕೆರೆಯನ್ನು ಕಟ್ಟಿದವನಿಗೂ ಸಂರಕ್ಷಿಸುವವನಿಗೂ ಭೂಮಿಯನ್ನು ಬಿಟ್ಟುಕೊಡುತ್ತಿದ್ದ ಕಟ್ಟುಕೊಡಗೆಯೂ ಇದೇ ಜಾತಿಯ ಏರ್ಪಾಡು. ಉಂಡವನು ಉಣಿಸಿದುದಕ್ಕೆ ಋಣಿಯೆಂಬ ಧರ್ಮವು ಇಲ್ಲಿ ಕಂದಾಯದ ನಿಯಮವಾಗಿಯೇ ನಿಂತಿತು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆಯನ್ನು ಕಟ್ಟಿಸಿದುದು ಕೇವಲ ಲೋಕೋಪಕಾರವಲ್ಲ. ಅನೇಕರ ಕಾಯಕವು ಒಂದಾಗಿ ಸರ್ವರ ದಾಸೋಹವಾದ ಕಾರ್ಯವದು. ಸೊಲ್ಲಾಪುರದ ಆ ಕೆರೆಯು ಇಂದಿಗೂ ಕಣ್ಣಮುಂದಿದೆ.

ಇನ್ನು ಶಿಲೆ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ನೆಲೆಗೊಂಡ ಸುಣ್ಣಗಲ್ಲೇ ಶಹಾಬಾದದ ಪರಸಿ. ಉಳಿ ಸುತ್ತಿಗೆಗಳಿಂದಲೇ ಹಲಗೆಯಂತೆ ಬಿಚ್ಚಿಕೊಳ್ಳುವ ಈ ಕಲ್ಲು ನಮ್ಮ ಮನೆಗಳಿಗೆ ನೆಲವೂ ಮಾಳಿಗೆಯೂ ಆಗಿ ಒದಗಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ರೈಲುಮಾರ್ಗವು ತೆರೆದ ಮೇಲೆ ಪರಸ್ಥಳಗಳಿಗೆ ಹೋಗುವ ದಾರಿ ಸುಗಮವಾಯಿತು. ಅನಂತರ ಶಹಾಬಾದ, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದು ಸಾವಿರಾರು ಸಂಸಾರಗಳಿಗೆ ಅನ್ನವಿತ್ತವು. ಇದನ್ನು ಮರೆಯುವುದು ಕೃತಘ್ನತೆ. ಆದರೂ ಒಂದು ಭೇದವನ್ನು ಗಮನಿಸತಕ್ಕದ್ದು: ಕೆರೆಯು ಮಳೆಗಾಲ ಬಂದರೆ ತುಂಬುವುದು, ಅಗೆದ ಶಿಲೆಯು ಮರಳಿ ಹುಟ್ಟದು. ಆದುದರಿಂದ ಕೆರೆಗಿಂತಲೂ ಗಣಿಗೇ ಬಿತ್ತುವಟ್ಟವು ಹೆಚ್ಚು ಅವಶ್ಯಕವಾಗಿತ್ತು. ಗಣಿಯ ಆದಾಯದಲ್ಲಿ ಒಂದಂಶವನ್ನು ಗಣಿಬಾಧಿತ ಜನರ ಹಿತಕ್ಕೂ ಪ್ರದೇಶದ ಹಿತಕ್ಕೂ ವಿನಿಯೋಗಿಸಲು ಜಿಲ್ಲಾ ಖನಿಜ ಪ್ರತಿಷ್ಠಾನವೆಂಬ ಸಂಸ್ಥೆಯನ್ನು ಕಾನೂನು ವಿಧಿಸಿದುದು 2015ರಲ್ಲಿ. ಪೂರ್ವಿಕರು ನೀರಿಗೆ ಕಂಡುಕೊಂಡ ನ್ಯಾಯವು ಶಿಲೆಗೆ ದೊರೆಯಲು ಇಷ್ಟು ಕಾಲ ಹಿಡಿಯಿತು!

ಕೊನೆಯದಾಗಿ ಅಡವಿ. ಚಿಂಚೋಳಿಯ ಅರಣ್ಯವು ಮಳೆಯ ರಭಸವನ್ನು ತಡೆದು ಹಳ್ಳಕೊಳ್ಳಗಳನ್ನು ಪೋಷಿಸುವುದು. ಮುಲ್ಲಾಮಾರಿಯು ಕಾಗಿಣೆಯನ್ನೂ, ಕಾಗಿಣೆಯು ಭೀಮೆಯನ್ನೂ ಕೂಡುವವು. ಮೇಲಿನ ಮರವನ್ನು ಕಡಿದರೆ ಕೆಳಗಿನ ಬಾವಿಗೆ ಕೇಡು ತಪ್ಪದು. 2011ರಲ್ಲಿ ಸುಮಾರು 135 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಆದರೆ ಅಡವಿಯ ಅಂಚಿನ ಹಳ್ಳಿ ತಾಂಡಾಗಳ ಜನರನ್ನು ಪರಕೀಯರೆಂದೆಣಿಸಿದರೆ ರಕ್ಷಣೆಯು ಕಾಗದದಲ್ಲಿಯೇ ಉಳಿಯುವುದು. ಕಾಡಿನ ನೆರಳಿನಲ್ಲಿ ಬಾಳುವವರೇ ಅದರ ಪ್ರಥಮ ಪಾಲಕರಾಗತಕ್ಕವರು. ಅವರ ಹಕ್ಕುಗಳನ್ನು ನಿರ್ಣಯಿಸುವಲ್ಲಿ ಗ್ರಾಮಸಭೆಗೆ ಸ್ಥಾನವುಂಟೆಂದು 2006ರ ಅರಣ್ಯಹಕ್ಕು ಕಾನೂನು ಒಪ್ಪಿರುವುದು.

ಪ್ರಸಾದವನ್ನು ಚೆಲ್ಲಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ನೀರೂ ಶಿಲೆಯೂ ಅಡವಿಯೂ ಪ್ರಸಾದವೇ ಅಲ್ಲವೇ? ಆದಕಾರಣ ಭಕ್ತರು ಗ್ರಾಮಸಭೆಗಳಿಗೆ ತಪ್ಪದೆ ಹೋಗಿ, ತಮ್ಮೂರ ಕೆರೆಯ ಹೂಳನ್ನೂ, ಗಣಿಯ ಪಾಲನ್ನೂ, ಅಡವಿಯ ಅಂಚನ್ನೂ ವಿಚಾರಿಸಬೇಕು. ಇದುವೇ ಈ ಮಹೋತ್ಸವಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಕಾಣಿಕೆಯೆಂದು ವಿನಯಪೂರ್ವಕ ವಿಜ್ಞಾಪನೆ.