ಕಣ್ಗಾವಲು ಮತ್ತು ಖಾಸಗಿತನದ ಹಕ್ಕು (ಭಾರತ)

ದೇಶದ ಭದ್ರತೆಗಾಗಿ ಸರ್ಕಾರವು ನಾಗರಿಕರ ಮಾತುಕತೆ ಮತ್ತು ಮಾಹಿತಿಯನ್ನು ಎಷ್ಟರ ಮಟ್ಟಿಗೆ, ಯಾರ ಅನುಮತಿಯಿಂದ ಸಂಗ್ರಹಿಸಬಹುದು ಎಂಬ ಸಾಂವಿಧಾನಿಕ ಪ್ರಶ್ನೆ.

ಹಿನ್ನೆಲೆ: 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಂ ಸಾರ್ವಜನಿಕ ತುರ್ತಿನ ಸಂದರ್ಭದಲ್ಲಿ ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಅದರ ದುರ್ಬಳಕೆಯ ಭಯ ಹಳೆಯದು; ಕರ್ನಾಟಕದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಲ್ಲೇ. 1996ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಟ್ಟುಪಾಡು ವಿಧಿಸಿತು: ಗೃಹ ಕಾರ್ಯದರ್ಶಿಯ ಆದೇಶವಿರಬೇಕು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು, ಒಟ್ಟು ಅವಧಿ 6 ತಿಂಗಳು ಮೀರಬಾರದು.

ಪುಟ್ಟಸ್ವಾಮಿ ತೀರ್ಪು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಈ ಹಕ್ಕು ಮಿತಿಯಿಲ್ಲದ್ದಲ್ಲ; ಆದರೆ ಅದನ್ನು ಮೊಟಕುಗೊಳಿಸಲು ಕಾನೂನಿನ ಆಧಾರ ಇರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮವು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಭದ್ರತೆಯ ಹೆಸರೊಂದೇ ಸಾಲದು ಎಂಬುದು ಇದರ ತಿರುಳು.

ಆಧಾರ್ ತೀರ್ಪು ಮತ್ತು ನಂತರ: 2018ರ ಸೆಪ್ಟೆಂಬರ್ 26ರಂದು ಐವರ ಪೀಠ 4–1 ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಭದ್ರತೆಯ ಕಾರಣಕ್ಕೆ ಜಂಟಿ ಕಾರ್ಯದರ್ಶಿಯ ಆದೇಶದ ಮೇಲೆ ಮಾಹಿತಿ ಕೊಡಲು ಅವಕಾಶವಿದ್ದ 33(2)ನೇ ಕಲಮನ್ನು ರದ್ದುಮಾಡಿ, ಇನ್ನೂ ಹಿರಿಯ ಅಧಿಕಾರಿಯೊಂದಿಗೆ ನ್ಯಾಯಾಂಗದ ಅಧಿಕಾರಿಯೂ ಇರಬೇಕೆಂದಿತು. 2019ರ ತಿದ್ದುಪಡಿಯು ಆದೇಶಿಸುವ ಅಧಿಕಾರಿಯ ದರ್ಜೆಯನ್ನು ಕಾರ್ಯದರ್ಶಿಗೆ ಏರಿಸಿತು, ನ್ಯಾಯಾಧೀಶರನ್ನು ಸೇರಿಸಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಂ, ದೇಶದ ಭದ್ರತೆ ಮೊದಲಾದ ಕಾರಣಗಳಿಗಾಗಿ ಸರ್ಕಾರಿ ಸಂಸ್ಥೆಗಳನ್ನು ಅಧಿಸೂಚಿಸಿ ಅವುಗಳಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೇ ಒಪ್ಪಿಸಿದೆ.

ವಿಮರ್ಶೆ: ಭಯೋತ್ಪಾದನೆ ತಡೆಯಲು ಗುಪ್ತ ಮಾಹಿತಿ ಬೇಕೇ ಬೇಕು, ಅದನ್ನು ಮುಂಚಿತವಾಗಿ ಬಹಿರಂಗಪಡಿಸಲಾಗದು. ಕಣ್ಗಾವಲಿಗೆ ಒಳಗಾದವರಿಗೆ ಅದು ತಿಳಿಯದ ಕಾರಣ ಅವರು ನ್ಯಾಯಾಲಯಕ್ಕೆ ಹೋಗುವುದೂ ಕಷ್ಟ. ಹೀಗಿರುವಾಗ ಅವರ ಪರವಾಗಿ ಮೊದಲೇ ಪ್ರಶ್ನಿಸುವ ಸ್ವತಂತ್ರ ವ್ಯಕ್ತಿ ಇರಲೇಬೇಕು. ಕದ್ದಾಲಿಕೆಯ ಆದೇಶ ಹೊರಡಿಸುವವರೂ ಅದನ್ನು ಪರಿಶೀಲಿಸುವ ಸಮಿತಿಯವರೂ ಸರ್ಕಾರದ ಕಾರ್ಯದರ್ಶಿಗಳೇ ಆಗಿರುವವರೆಗೆ, 2017ರ ತೀರ್ಪು ಹೇಳಿದ ಸಮತೋಲನ ಆಚರಣೆಗೆ ಬಂದಿದೆ ಎನ್ನಲಾಗದು.