ಮ್ಯಾನ್ಮಾರ್: ಅಭಿವೃದ್ಧಿ ಸಾಲ ಮತ್ತು ಸೇನಾಡಳಿತ

ಸದಸ್ಯ ದೇಶದ ರಾಜಕೀಯ ನೋಡಿ ಸಾಲದ ತೀರ್ಮಾನ ಮಾಡಕೂಡದು ಎಂಬುದು ವಿಶ್ವ ಬ್ಯಾಂಕಿನ ಒಡಂಬಡಿಕೆಯಲ್ಲೇ ಇರುವ ಕಟ್ಟಳೆ. ಆದರೆ ಬ್ಯಾಂಕನ್ನು ನಡೆಸುವ ಸರ್ಕಾರಗಳ ಕೈ ಅಷ್ಟು ಬಿಗಿಯಾಗಿ ಕಟ್ಟಿಲ್ಲ. ಮಾನವ ಹಕ್ಕುಗಳನ್ನು ಸತತವಾಗಿ ತುಳಿಯುವ ಆಡಳಿತಗಳಿಗೆ ಸಾಲ ಸಿಗದಂತೆ ದನಿ ಎತ್ತಬೇಕೆಂದು ಅಮೆರಿಕ 1977ರಲ್ಲೇ ತನ್ನ ಪ್ರತಿನಿಧಿಗಳಿಗೆ ಕಾನೂನಿನ ಮೂಲಕ ಹೇಳಿತು. ಈ ಒತ್ತಡ ಬಹುಕಾಲ ಪ್ರಯೋಗವಾದ ದೇಶಗಳಲ್ಲಿ ಮ್ಯಾನ್ಮಾರ್ ಒಂದು.

1987ರಲ್ಲಿ ಸೇನಾ ನಾಯಕ ನೆ ವಿನ್ ಅವರ ಸರ್ಕಾರ 25, 35 ಮತ್ತು 75 ಚಾಟ್ ನೋಟುಗಳನ್ನು ಪರಿಹಾರವಿಲ್ಲದೆ ರದ್ದುಮಾಡಿತು. ಜನರ ಉಳಿತಾಯ ಮಣ್ಣುಪಾಲಾಯಿತು. ಮರುವರ್ಷ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಸೇನೆ ಗುಂಡು ಹಾರಿಸಿ, ಸೆಪ್ಟೆಂಬರ್ 18ರಂದು ನೇರವಾಗಿ ಅಧಿಕಾರ ಹಿಡಿಯಿತು. ಅತಿ ದೊಡ್ಡ ದಾನಿಯಾಗಿದ್ದ ಜಪಾನ್ ನೆರವು ನಿಲ್ಲಿಸಿತು. ವಿಶ್ವ ಬ್ಯಾಂಕ್ ಮತ್ತು ಏಷ್ಯನ್ ಅಭಿವೃದ್ಧಿ ಬ್ಯಾಂಕ್‌ಗಳ ಹೊಸ ಸಾಲ ಕಾಲು ಶತಮಾನ ಸಿಗಲಿಲ್ಲ. 1990ರ ಚುನಾವಣೆಯಲ್ಲಿ ಪ್ರಜಾಪ್ರಭುತ್ವವಾದಿ ನಾಯಕಿ ಆಂಗ್ ಸಾನ್ ಸೂಕಿಯವರ ಪಕ್ಷ 485 ಸ್ಥಾನಗಳಲ್ಲಿ 392 ಗೆದ್ದರೂ ಸೇನೆ ಅಧಿಕಾರ ಬಿಡಲಿಲ್ಲ.

ಏಕೆ ಜಗ್ಗಲಿಲ್ಲ? ಹಣಕ್ಕೆ ಬೇರೆ ದಾರಿ ತೆರೆದುಕೊಂಡಿತ್ತು. ಯಡಾನಾ ನಿಕ್ಷೇಪದ ಅನಿಲ ಥಾಯ್ಲೆಂಡಿಗೆ ಹರಿಯತೊಡಗಿದ ಮೇಲೆ ಸೇನಾಧಿಕಾರಿಗಳ ಬೊಕ್ಕಸಕ್ಕೆ ಡಾಲರುಗಳ ಕೊರತೆ ಕಾಡಲಿಲ್ಲ. ಮುಂದೆ ಶ್ವೆ ನಿಕ್ಷೇಪದ ಅನಿಲ ಚೀನಾ ಪಾಲಾಯಿತು. ಅದರಲ್ಲಿ ಭಾರತದ ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಕೂಡ ಪಾಲುದಾರರು. ನೆರವಿನ ಕೊರತೆಯ ಪೆಟ್ಟು ಬಿದ್ದದ್ದು ಬಡವರಿಗೆ. ನೆರೆಯ ಲಾವೋಸ್, ಕಾಂಬೋಡಿಯಗಳಲ್ಲಿ ತಲೆಗೆ ಸಿಗುತ್ತಿದ್ದ ನೆರವಿನ ಸಣ್ಣದೊಂದು ಪಾಲಷ್ಟೇ ಅವರಿಗೆ ದಕ್ಕಿತು. ಸಾಲ ನಿಲ್ಲಿಸಿದವರು ಈ ಲೆಕ್ಕವನ್ನೂ ಹೊರಬೇಕು.

2011ರಲ್ಲಿ ಅಧ್ಯಕ್ಷ ಥೇನ್ ಸೇನ್ ಅವರ ಸರ್ಕಾರ ಬಂದಾಗ ಗಾಳಿ ಬದಲಾಯಿತು. ಚೀನಾದ ಮೇಲಿನ ಅತಿಯಾದ ಅವಲಂಬನೆ ಸೇನೆಯಲ್ಲೇ ಕೆಲವರಿಗೆ ಕಸಿವಿಸಿ ತಂದಿತ್ತು. ಅದೇ ವರ್ಷ ಚೀನಾದ ಮೈತ್ಸೋನ್ ಅಣೆಕಟ್ಟು ಯೋಜನೆಯನ್ನು ತಡೆಹಿಡಿಯಲಾಯಿತು. ಹೊರಗಿನ ಬಂಡವಾಳ ಬೇಕೆನಿಸಿದಾಗಲೇ ಮುಚ್ಚಿದ್ದ ಸಾಲದ ಬಾಗಿಲಿಗೆ ಬೆಲೆ ಬಂದದ್ದು. ರಾಜಕೀಯ ಕೈದಿಗಳು ಹೊರಬಂದರು. 2012ರ ಉಪಚುನಾವಣೆಯಲ್ಲಿ ಸೂಕಿ ಸಂಸತ್ತು ಪ್ರವೇಶಿಸಿದರು.

2013ರ ಜನವರಿಯಲ್ಲಿ ಬಹುಮಾನವೂ ಬಂತು. ಜಪಾನಿನ ತಾತ್ಕಾಲಿಕ ಸಾಲದ ನೆರವಿನಿಂದ ವಿಶ್ವ ಬ್ಯಾಂಕ್ ಮತ್ತು ಏಷ್ಯನ್ ಅಭಿವೃದ್ಧಿ ಬ್ಯಾಂಕ್‌ಗಳ ಹಳೆಯ ಬಾಕಿ ತೀರಿತು, ವಿಶ್ವ ಬ್ಯಾಂಕ್ 44 ಕೋಟಿ ಡಾಲರ್ ಹೊಸ ಸಾಲ ಕೊಟ್ಟಿತು, ಸಾಲ ಕೊಟ್ಟ ಸರ್ಕಾರಗಳ ಕೂಟವಾದ ಪ್ಯಾರಿಸ್ ಕ್ಲಬ್ಬಿನ ದೇಶಗಳು ಶತಕೋಟಿಗಟ್ಟಲೆ ಡಾಲರ್ ಸಾಲ ಮನ್ನಾ ಮಾಡಲು ಒಪ್ಪಿದವು. ಆದರೆ 2008ರ ಸಂವಿಧಾನ ಸೇನೆಗೆ ಮೀಸಲಿಟ್ಟಿದ್ದ ಶೇ. 25 ಸಂಸದೀಯ ಸ್ಥಾನಗಳು ಹಾಗೆಯೇ ಉಳಿದವು. ಮುಖ್ಯ ತಿದ್ದುಪಡಿಗಳಿಗೆ ಶೇ. 75ಕ್ಕೂ ಹೆಚ್ಚು ಮತ ಬೇಕಿದ್ದುದರಿಂದ ಸೇನೆಯ ಮಾತೇ ಕೊನೆಯದಾಯಿತು. ಸಾಲ ಕೊಡುವವರು ತಮ್ಮ ಕೈಯಲ್ಲಿದ್ದ ಪಟ್ಟನ್ನು ಇಲ್ಲಿ ಬೇಗ ಬಿಟ್ಟುಕೊಟ್ಟರು.

2021ರ ಫೆಬ್ರವರಿ 1ರಂದು ಸೇನೆ ಚುನಾಯಿತ ಸರ್ಕಾರದಿಂದ ಮತ್ತೆ ಅಧಿಕಾರ ಕಿತ್ತುಕೊಂಡಿತು. ಕೆಲವೇ ದಿನಗಳ ಹಿಂದೆ ಅಂತಾರಾಷ್ಟ್ರೀಯ ಹಣಕಾಸು ನಿಧಿ ಕೋವಿಡ್ ನೆರವಾಗಿ ಸುಮಾರು 35 ಕೋಟಿ ಡಾಲರ್ ಕಳುಹಿಸಿತ್ತು. ಆ ಹಣವನ್ನು ಹಿಂಪಡೆಯುವ ದಾರಿಯಿರಲಿಲ್ಲ. ವಿಶ್ವ ಬ್ಯಾಂಕ್ ಹಣ ಬಿಡುಗಡೆ ನಿಲ್ಲಿಸಿತು. ಅಮೆರಿಕ ತನ್ನಲ್ಲಿದ್ದ ಮ್ಯಾನ್ಮಾರಿನ ಸುಮಾರು 100 ಕೋಟಿ ಡಾಲರ್ ತಡೆಹಿಡಿಯಿತು. 2022ರ ಫೆಬ್ರವರಿಯಲ್ಲಿ ಐರೋಪ್ಯ ಒಕ್ಕೂಟ ಕೊನೆಗೂ ಅನಿಲದ ಹಣಕ್ಕೇ ಕೈಹಾಕಿ, ಸರ್ಕಾರಿ ತೈಲ ಮತ್ತು ಅನಿಲ ಸಂಸ್ಥೆಯ ಮೇಲೆ ನಿರ್ಬಂಧ ಹೇರಿತು.